ಮೂಗಿನ ಮೇಲೆ ಕೂತಿದ್ದ ಹೆಬ್ಬೆರಳು

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆವು. ಅಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎಂಬ ಪಾರ್ಕಿನ ಕೆರೆ ದಂಡೆಯಲ್ಲಿ ಹಳೇ ಕಾಲದ ಭಾರೀ ಡೈನೋಸಾರ್ ಬೊಂಬೆಗಳಿವೆ. ಮೂಗಿನ ಮೇಲೆ ಕೊಂಬಿದ್ದ ಒಂದನ್ನು ನೋಡಿ ಏಳು ವರ್ಷದ ಮೊಮ್ಮಗ, "ಅಜ್ಜಾ, ಇದು ತಪ್ಪು. ಇದು ಇಗ್ವಾನೊಡಾನ್. ಅದು ಕೊಂಬಲ್ಲ, ಹೆಬ್ಬೆರಳು" ಅಂದ. ನಾನು ತಬ್ಬಿಬ್ಬಾದೆ. ಅಷ್ಟೆಲ್ಲ ಓದಿದವರು ಹೆಬ್ಬೆರಳನ್ನು ತೆಗೆದು ಮೂಗಿನ ಮೇಲೆ ಇಟ್ಟದ್ದು ಹೇಗೆ? ಕೋಟಿಗಟ್ಟಲೆ ವರ್ಷ ನೆಲದಲ್ಲೇ ಇದ್ದ ಮೂಳೆ ಇನ್ನೂರು ವರ್ಷದ ಹಿಂದೆ ಮಾತ್ರ ಯಾಕೆ ಕಣ್ಣಿಗೆ ಬಿತ್ತು? ಜನಕ್ಕೆ ಈ ಹುಚ್ಚು ಹಿಡಿಸಿದ್ದು ಯಾರು? ನಮ್ಮ ಕರ್ನಾಟಕದಲ್ಲಿ ಯಾಕೆ ಡೈನೋಸಾರ್ ಸುದ್ದಿಯೇ ಇಲ್ಲ?
(ನಿವೃತ್ತ ಶಿಕ್ಷಕರು, ಸಾಗರ)

ಉತ್ತರ:

ಮೇಷ್ಟ್ರೇ, ನಿಮ್ಮ ಮೊಮ್ಮಗ ಹೇಳಿದ್ದು ಸರಿ. ಅದು ಹೆಬ್ಬೆರಳೇ. ಆದರೆ ಅವನ ಜೊತೆ ಸೇರಿ ನಗುವ ಮೊದಲು ಒಂದು ಮಾತು. ಎಮ್ಮೆಯನ್ನು ಜನ್ಮದಲ್ಲೇ ನೋಡದ ಒಬ್ಬನ ಕೈಗೆ ನಾಲ್ಕು ಹಲ್ಲು, ತೊಡೆ ಮೂಳೆಯ ಒಂದು ತುಂಡು, ಒಂದೇ ಒಂದು ಕೊಂಬು ಕೊಟ್ಟು, "ಪ್ರಾಣಿ ಹೇಗಿತ್ತು, ಬರೆದು ತೋರಿಸು" ಅನ್ನಿ. ಬಾಲ ಎಷ್ಟುದ್ದ, ಹೊಟ್ಟೆ ಎಷ್ಟು ದಪ್ಪ, ಕೊಂಬು ಒಂದೋ ಎರಡೋ, ತಲೆಯ ಮೇಲೋ ಮೂಗಿನ ಮೇಲೋ, ಅವನಿಗೆ ಹೇಗೆ ಗೊತ್ತಾಗಬೇಕು? ಲಂಡನ್ನಿನ ಆ ಬೊಂಬೆ ಹುಟ್ಟಿದ್ದು ಹೀಗೇ. ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಆ ಹೆಬ್ಬೆರಳಿನ ಹಿಂದೆ ಹೋದರೆ ಉತ್ತರ ಸಿಗುತ್ತದೆ. ಕರ್ನಾಟಕದ್ದು ಕೊನೆಗೆ.

ಮೊದಲು, ಮೂಳೆ ಯಾಕೆ ಕಣ್ಣಿಗೆ ಬೀಳಲಿಲ್ಲ ಎಂಬುದು. ನಿಜವಾಗಿ ಅದು ಬೀಳುತ್ತಲೇ ಇತ್ತು. ಹೊಲ ಉಳುವವರಿಗೆ, ಕಲ್ಲು ಒಡೆಯುವವರಿಗೆ, ಬಾವಿ ತೋಡುವವರಿಗೆ ಸಿಗುತ್ತಲೇ ಇತ್ತು. ಸಿಕ್ಕಿದ್ದನ್ನು ಜನ ತಮಗೆ ಗೊತ್ತಿದ್ದ ಕಥೆಯೊಳಗೆ ಸೇರಿಸಿಬಿಡುತ್ತಿದ್ದರು. ನಾವು ಬೃಹತ್ ಶಿಲಾಯುಗದ ಕಲ್ಲುಗೋರಿ ಕಂಡರೆ ಪಾಂಡವರ ಗುಡಿ ಅನ್ನುವುದಿಲ್ಲವೇ, ಹಾಗೆ. 1677ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಪ್ಲಾಟ್ ಎಂಬ ವಿದ್ವಾಂಸನ ಕೈಗೆ ಕಲ್ಲಾಗಿದ್ದ ಒಂದು ತೊಡೆ ಮೂಳೆಯ ತುದಿ ಸಿಕ್ಕಿತು. ಅಷ್ಟು ದಪ್ಪದ ಮೂಳೆ ಯಾರದ್ದು? ರೋಮನ್ನರು ಕರೆತಂದ ಆನೆಯದ್ದಿರಬಹುದೇ ಅಂತ ಯೋಚಿಸಿದ. ನಿಜವಾದ ಆನೆ ಮೂಳೆಯ ಜೊತೆ ಹೋಲಿಸಿದಾಗ ಅದಲ್ಲ ಅನ್ನಿಸಿತು. ಕೊನೆಗೆ ಇದು ದೈತ್ಯ ಮನುಷ್ಯನದ್ದು ಅಂತ ತೀರ್ಮಾನಿಸಿ, ಚಿತ್ರ ಬರೆಸಿ ಪುಸ್ತಕದಲ್ಲಿ ಹಾಕಿದ. 1763ರಲ್ಲಿ ಇನ್ನೊಬ್ಬ ಲೇಖಕ ಅದೇ ಚಿತ್ರದ ಕೆಳಗೆ, ಅದರ ಆಕಾರ ನೋಡಿ, ಗಂಡಸಿನ ವೃಷಣಚೀಲದ ಲ್ಯಾಟಿನ್ ಹೆಸರು ಬರೆದ. ಈ ಭಾಗವನ್ನು ಮೊಮ್ಮಗನಿಗೆ ಓದಿ ಹೇಳಬೇಡಿ, ದಿನವಿಡೀ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಆ ಮೂಳೆ ಈಗ ಕಳೆದುಹೋಗಿದೆ, ಚಿತ್ರ ಮಾತ್ರ ಉಳಿದಿದೆ. ಚಿತ್ರ ನೋಡಿದವರು ಅದು ಮೆಗಲೊಸಾರಸ್‌ನಂಥ ಡೈನೋಸಾರ್‌ದು ಅನ್ನುತ್ತಾರೆ.

ಪ್ಲಾಟ್ ದಡ್ಡನಲ್ಲ. ಒಂದು ಜಾತಿಯ ಪ್ರಾಣಿಗೆ ಪ್ರಾಣಿಯೇ ಭೂಮಿಯಿಂದ ಅಳಿದುಹೋಗಬಹುದು ಎಂಬ ಯೋಚನೆ ಆಗ ಯಾರ ತಲೆಯಲ್ಲೂ ಗಟ್ಟಿಯಾಗಿ ಕೂತಿರಲಿಲ್ಲ. ದೇವರು ಮಾಡಿದ್ದನ್ನು ಅಳಿಸುವವರು ಯಾರು? ಹಾಗಾಗಿ ಯಾವ ಮೂಳೆ ಸಿಕ್ಕಿದರೂ ಅದು ಈಗ ಬದುಕಿರುವ ಯಾವುದೋ ಪ್ರಾಣಿಯದ್ದೇ ಆಗಿರಬೇಕು. 1796ರಲ್ಲಿ ಪ್ಯಾರಿಸ್ಸಿನ ಪ್ರಾಣಿವಿಜ್ಞಾನಿ ಜಾರ್ಜ್ ಕುವಿಯೆ ಆನೆ ಮತ್ತು ಆನೆಯಂಥದೇ ಹಳೇ ಕಾಲದ ಪ್ರಾಣಿಯಾದ ಮ್ಯಾಮತ್‌ಗಳ ದವಡೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ: ಇವು ಬೇರೆ ಬೇರೆ ಪ್ರಾಣಿ, ಮ್ಯಾಮತ್ ಈಗ ಎಲ್ಲೂ ಇಲ್ಲ. ಬಾಗಿಲು ತೆರೆದದ್ದು ಅಲ್ಲಿ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಾಲುವೆ, ರಸ್ತೆ, ಕಲ್ಲಿದ್ದಲು ಅಂತ ನೆಲ ಅಗೆಯುವುದು ಜಾಸ್ತಿಯಾಯಿತು. ಮೂಳೆಯೂ ರಾಶಿ ರಾಶಿ ಬಂತು, ಅದನ್ನು ನೋಡುವ ಕಣ್ಣೂ ಬಂತು.

ಇನ್ನು ಹೆಕ್ಕಿದವರ ವಿಷಯ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಲೈಮ್ ರೀಜಿಸ್ ಅಂತ ಒಂದು ಊರು. ಸಮುದ್ರಕ್ಕೆ ಆತುಕೊಂಡೇ ಮಣ್ಣು ಮತ್ತು ಕಲ್ಲಿನ ಎತ್ತರದ ದಿಬ್ಬಗಳು. ಚಳಿಗಾಲದ ಬಿರುಗಾಳಿ ಬಂತೆಂದರೆ ದಿಬ್ಬ ಕುಸಿಯುತ್ತದೆ. ಕುಸಿದ ಮರುದಿನ ಬೆಳಿಗ್ಗೆ ಹೊಸ ಮೂಳೆ, ಹೊಸ ಚಿಪ್ಪು ಹೊರಗೆ ಕಾಣುತ್ತವೆ. ಅಲೆ ಅವನ್ನು ಒಯ್ಯುವ ಮೊದಲು ಹೆಕ್ಕಬೇಕು. 1799ರಲ್ಲಿ ಅಲ್ಲಿ ಹುಟ್ಟಿದ ಮೇರಿ ಆನಿಂಗ್‌ಳ ಜೀವನೋಪಾಯ ಇದೇ. ಅಪ್ಪ ಬಡಗಿ, ಬಿಡುವಿನಲ್ಲಿ ಚಿಪ್ಪು ಹೆಕ್ಕಿ ಪ್ರವಾಸಿಗರಿಗೆ ಮಾರುತ್ತಿದ್ದ. 1810ರಲ್ಲಿ ತೀರಿಕೊಂಡ, ಮನೆ ತುಂಬ ಸಾಲ ಬಿಟ್ಟು. ಮರುವರ್ಷ ಅಣ್ಣ ಜೋಸೆಫ್‌ಗೆ ಮೊಸಳೆಯಂಥ ಒಂದು ತಲೆ ಸಿಕ್ಕಿತು. ಮುಂದಿನ ವರ್ಷ ಮೇರಿ ಉಳಿದ ಮೈಯನ್ನು ಹುಡುಕಿದಳು. ಆಗ ಅವಳಿಗೆ ಹದಿಮೂರರ ಆಸುಪಾಸು. ಅದು ಇಕ್ತಿಯೊಸಾರ್, ಮೀನಿನ ಆಕಾರದ ಕಡಲ ಸರೀಸೃಪ. ಸುಮಾರು 23 ಪೌಂಡಿಗೆ ಮಾರಾಟವಾಯಿತು.

ಅವಳ ಅಂಗಡಿಯಲ್ಲಿ ನಿತ್ಯ ಬಿಕರಿಯಾಗುತ್ತಿದ್ದದ್ದು ದೊಡ್ಡ ಅಸ್ಥಿಪಂಜರವಲ್ಲ, ಅಮೊನೈಟ್ ಎಂಬ ಸುರುಳಿ ಚಿಪ್ಪು. ಹಾವು ಸುತ್ತಿಕೊಂಡು ಮಲಗಿದ ಹಾಗೆ ಇರುವುದರಿಂದ ಅಲ್ಲಿಯ ಜನ ಅದನ್ನು ಹಾವುಕಲ್ಲು ಅನ್ನುತ್ತಿದ್ದರು. ಉತ್ತರದ ವಿಟ್‌ಬಿಯಲ್ಲಂತೂ ಹಿಲ್ಡಾ ಎಂಬ ಸಂತಳು ಹಾವುಗಳನ್ನೆಲ್ಲ ಕಲ್ಲಾಗಿಸಿದಳು ಎಂಬ ಕಥೆ. ತಲೆ ಎಲ್ಲಿ ಅಂತ ಗಿರಾಕಿ ಕೇಳಿದರೆ? ವ್ಯಾಪಾರಿಗಳು ಉಳಿ ತಗೊಂಡು ತುದಿಗೆ ಒಂದು ಹಾವಿನ ತಲೆ ಕೆತ್ತಿಬಿಡುತ್ತಿದ್ದರು! ಪಳೆಯುಳಿಕೆ ವ್ಯಾಪಾರ ಮತ್ತು ಸುಳ್ಳು ಜೊತೆಜೊತೆಗೇ ಹುಟ್ಟಿದವು.

ಮೇರಿ ಮಾತ್ರ ಅಂಥವಳಲ್ಲ. ತಾನು ಹೆಕ್ಕಿದ್ದನ್ನು ತಾನೇ ಬಿಡಿಸಿ, ಬರೆದು, ಅರ್ಥ ಮಾಡಿಕೊಳ್ಳುತ್ತಿದ್ದಳು. 1823ರಲ್ಲಿ ಉದ್ದ ಕತ್ತಿನ ಪ್ಲೀಸಿಯೊಸಾರ್ ಇಡಿಯಾಗಿ ಸಿಕ್ಕಿದ್ದು ಅವಳಿಗೇ. ಆ ಪ್ರಾಣಿಗಳ ಹೊಟ್ಟೆಯ ಜಾಗದಲ್ಲಿ ಸಿಗುತ್ತಿದ್ದ ವಿಚಿತ್ರ ಉಂಡೆಗಳನ್ನು ಒಡೆದು, ಒಳಗೆ ಮೀನಿನ ಮುಳ್ಳು ಇರುವುದನ್ನು ಗಮನಿಸಿದವರಲ್ಲಿ ಅವಳೂ ಒಬ್ಬಳು. ಅವು ಕಲ್ಲಾದ ಸಗಣಿ. ಈ ವಿಷಯವನ್ನು ಲೋಕಕ್ಕೆ ಹೇಳಿ ಹೆಸರು ಪಡೆದವನು ಆಕ್ಸ್‌ಫರ್ಡಿನ ವಿಲಿಯಂ ಬಕ್ಲೆಂಡ್. ಆತ ಆ ಸಗಣಿ ಉಂಡೆಗಳನ್ನು ಕೊಯ್ದು ಕೂರಿಸಿದ ಒಂದು ಮೇಜನ್ನೂ ಇಟ್ಟುಕೊಂಡಿದ್ದ. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಮೇರಿಯ ಪ್ರಾಣಿಗಳ ಮೇಲೆ ಭಾಷಣದ ಮೇಲೆ ಭಾಷಣ ನಡೆದವು. ಮೇರಿಗೆ ಒಳಗೆ ಪ್ರವೇಶವಿರಲಿಲ್ಲ. ಆ ಸಂಘ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. 1833ರ ಕುಸಿತದಲ್ಲಿ ಅವಳ ನಾಯಿ ಟ್ರೇ ಅವಳ ಕಣ್ಣೆದುರೇ ಮಣ್ಣಿನಡಿ ಸಿಕ್ಕಿ ಸತ್ತಿತು. ಅವಳು ಕೂದಲೆಳೆಯಲ್ಲಿ ಪಾರಾದಳು. ಆಮೇಲೂ ಅದೇ ದಿಬ್ಬಕ್ಕೆ ಹೋದಳು. ಬೇರೆ ದಾರಿ ಏನಿತ್ತು?

ನಿಮ್ಮ ಮೊಮ್ಮಗ ಈಗ ಬಾಯಿ ಹಾಕುತ್ತಾನೆ, ಗೊತ್ತು: "ಇಕ್ತಿಯೊಸಾರ್ ಡೈನೋಸಾರ್ ಅಲ್ಲ." ಹೌದಪ್ಪ, ಅಲ್ಲ. ಆದರೆ ಡೈನೋಸಾರ್ ಬರುವ ಮೊದಲೇ ಜನರ ತಲೆಯಲ್ಲಿ ಹಳೇ ಲೋಕವೊಂದು ಇತ್ತು ಅಂತ ಕೂರಿಸಿದ್ದು ಮೇರಿಯ ಈ ಕಡಲ ಪ್ರಾಣಿಗಳು.

ಮೊದಲ ಡೈನೋಸಾರ್‌ಗೆ ಹೆಸರು ಬಿದ್ದದ್ದು 1824ರ ಫೆಬ್ರವರಿ 20ರಂದು. ಬಕ್ಲೆಂಡ್ ಅದನ್ನು ಮೆಗಲೊಸಾರಸ್ ಎಂದ. ಅಂದರೆ ದೊಡ್ಡ ಹಲ್ಲಿ. ಅವನ ಬಳಿ ಇದ್ದದ್ದು ಚೂರಿಯಂಥ ಹಲ್ಲಿರುವ ಒಂದು ದವಡೆ ತುಂಡು, ಜೊತೆಗೆ ಬೇರೆ ಬೇರೆ ಪ್ರಾಣಿಗಳಿಂದ ಬಂದ ಹಲವು ಮೂಳೆ. ಬಕ್ಲೆಂಡ್ ದೊಡ್ಡ ವಿಚಿತ್ರ ಮನುಷ್ಯ. ಸಿಕ್ಕ ಸಿಕ್ಕ ಪ್ರಾಣಿಯನ್ನೆಲ್ಲ ಬೇಯಿಸಿ ತಿಂದು ರುಚಿ ನೋಡುವ ಚಟವಿತ್ತು. ಅವನ ಕಥೆ ಬಿಡೋಣ, ನಮಗೆ ಬೇಕಾದದ್ದು ಇಗ್ವಾನೊಡಾನ್.

ಸಸೆಕ್ಸ್ ಪ್ರಾಂತ್ಯದ ಲ್ಯೂಯಿಸ್‌ನಲ್ಲಿ ಗಿಡಿಯನ್ ಮ್ಯಾಂಟೆಲ್ ಅಂತ ಒಬ್ಬ ಡಾಕ್ಟರು. ಚಮ್ಮಾರನ ಮಗ. ಹಗಲೆಲ್ಲ ಊರೂರು ಅಲೆದು ಬಾಣಂತನ, ಜ್ವರ, ಗಾಯ ನೋಡುವುದು, ರಾತ್ರಿ ದೀಪದ ಬೆಳಕಿನಲ್ಲಿ ಕಲ್ಲು ಕೆತ್ತಿ ಮೂಳೆ ಬಿಡಿಸುವುದು. ಒಂದು ಕಥೆ ಬಹಳ ಪ್ರಸಿದ್ಧ. ಆತ ರೋಗಿಯ ಮನೆಯೊಳಗೆ ಹೋದಾಗ ಹೆಂಡತಿ ಮೇರಿ ಆನ್ ರಸ್ತೆಯಲ್ಲಿ ಅಡ್ಡಾಡುತ್ತಿದ್ದಳಂತೆ. ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿ ರಾಶಿಯಲ್ಲಿ ಏನೋ ಹೊಳೆದದ್ದನ್ನು ಕಂಡು ಎತ್ತಿಕೊಂಡಳಂತೆ. ಅದೇ ಆ ಹಲ್ಲು. ಕಥೆ ಚೆನ್ನಾಗಿದೆ, ಆದರೆ ನನಗೆ ನಂಬಿಕೆಯಿಲ್ಲ. ಮ್ಯಾಂಟೆಲ್ ಒಮ್ಮೆ ಹೆಂಡತಿಗೆ ಸಿಕ್ಕಿತು ಅಂತ ಬರೆದ, ಮುಂದೆ ತನಗೇ ಸಿಕ್ಕಿತು ಅಂದ. ಕುಕ್‌ಫೀಲ್ಡ್ ಹತ್ತಿರದ ಕ್ವಾರಿಯ ಕೆಲಸಗಾರರು ಅವನಿಗೆ ದುಡ್ಡಿಗೆ ಮೂಳೆ ತಂದುಕೊಡುತ್ತಿದ್ದದ್ದು ಮಾತ್ರ ಗಟ್ಟಿ. ಸುತ್ತಿಗೆ ಹಿಡಿದ ಆ ಕೈಗಳನ್ನು ಯಾರೂ ಕಥೆ ಮಾಡಲಿಲ್ಲ.

ಆ ಹಲ್ಲನ್ನು ಹತ್ತಿರದಿಂದ ನೋಡೋಣ. ಕಂದು ಬಣ್ಣ, ಎಲೆಯ ಆಕಾರ. ಅಂಚಿನಲ್ಲಿ ಗರಗಸದಂತೆ ಸಣ್ಣ ಸಣ್ಣ ಕಚ್ಚು. ಆದರೆ ತುದಿ ಚೂಪಿಲ್ಲ, ಸವೆದು ಚಪ್ಪಟೆಯಾಗಿದೆ. ಮ್ಯಾಂಟೆಲ್ ತಲೆ ಕೆಟ್ಟದ್ದು ಈ ಸವಕಳಿ ನೋಡಿ. ಹಲ್ಲು ಹೀಗೆ ಸವೆಯುವುದು ಸೊಪ್ಪು ಜಗಿಯುವ ಪ್ರಾಣಿಗೆ, ದನ ಕುದುರೆಗಳಿಗೆ. ಆದರೆ ಕಲ್ಲಿನ ಪದರ ತುಂಬ ಹಳೆಯದು, ಅಂಥ ದೊಡ್ಡ ಸಸ್ತನಿಗಳು ಇರುವ ಕಾಲವಲ್ಲ. ಸರೀಸೃಪವೋ, ಜಗಿಯುವುದೇ ಇಲ್ಲ. ಮೊಸಳೆ, ಹಾವು, ಉಡ ಎಲ್ಲ ನುಂಗುವ ಜಾತಿ. ಲಂಡನ್ನಿನ ದೊಡ್ಡವರು ಮೀನಿನ ಹಲ್ಲು ಅಂದರು. 1823ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅದನ್ನು ಪ್ಯಾರಿಸ್ಸಿಗೆ ಒಯ್ದು ಕುವಿಯೆಗೆ ತೋರಿಸಿದರೆ, ಅವನು ಘೇಂಡಾಮೃಗದ್ದು ಅಂದುಬಿಟ್ಟ. ಯುರೋಪಿನ ದೊಡ್ಡ ಪಂಡಿತ ಹೇಳಿದ ಮೇಲೆ ಹಳ್ಳಿ ಡಾಕ್ಟರ ಮಾತು ಯಾರು ಕೇಳುತ್ತಾರೆ? ಮರುವರ್ಷ ಕುವಿಯೆಯೇ ಪತ್ರ ಬರೆದು, ಇದು ಸೊಪ್ಪು ತಿನ್ನುವ ಹೊಸ ಬಗೆಯ ಸರೀಸೃಪ ಇರಬಹುದು ಅಂತ ತಪ್ಪೊಪ್ಪಿಕೊಂಡ. ಅವನ ಮೇಲೆ ನನಗೆ ಗೌರವ ಇರುವುದು ಅದಕ್ಕೇ.

ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಮ್ಯಾಂಟೆಲ್ ಡ್ರಾಯರ್ ಮೇಲೆ ಡ್ರಾಯರ್ ತೆಗೆದು ಹೋಲಿಸುತ್ತಾ ಕೂತ. ಒಂದೂ ಹೊಂದಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಸ್ಯಾಮ್ಯುಯೆಲ್ ಸ್ಟಚ್‌ಬರಿ ಎಂಬವನು ಆಗಷ್ಟೇ ಅಮೆರಿಕ ಖಂಡದ ಇಗ್ವಾನಾ ಎಂಬ ದೊಡ್ಡ ಓತಿಯ ಅಸ್ಥಿಪಂಜರ ತಯಾರಿಸಿದ್ದ. "ಇದರ ಹಲ್ಲು ನೋಡಿ ಸ್ವಾಮಿ" ಎಂಬಂತೆ ಅದನ್ನು ತೋರಿಸಿದ. ಅದೇ ಎಲೆ, ಅದೇ ಗರಗಸದ ಅಂಚು. ಗಾತ್ರ ಮಾತ್ರ ಇಪ್ಪತ್ತರಲ್ಲಿ ಒಂದು ಪಾಲು. 1825ರಲ್ಲಿ ಇಗ್ವಾನೊಡಾನ್, ಅಂದರೆ ಇಗ್ವಾನಾ ಹಲ್ಲಿನದು, ಎಂಬ ಹೆಸರು ಬಂತು.

ಹೆಬ್ಬೆರಳು ತಪ್ಪಿದ್ದು ಇಲ್ಲಿಂದಲೇ. ಹಲ್ಲು ಇಗ್ವಾನಾದ ಹಾಗಿದ್ದರೆ ಮೈಯೂ ಹಾಗೇ ಇರಬೇಕಲ್ವಾ? ಮ್ಯಾಂಟೆಲ್ ಓತಿಯನ್ನು ಹಿಗ್ಗಿಸಿ 60 ಅಡಿ ಅಂದ, ಮುಂದೆ ನೂರರವರೆಗೂ ಹೋದ. ಅವನ ಮೂಳೆಗಳ ನಡುವೆ ಕೋನ್ ಆಕಾರದ ಒಂದು ಚೂಪು ಮೂಳೆಯೂ ಇತ್ತು. ಕೆಲವು ಇಗ್ವಾನಾಗಳಿಗೆ ಮೂಗಿನ ಮೇಲೆ ಪುಟ್ಟ ಕೊಂಬು ಇರುತ್ತದೆ. ಸರಿ, ಈ ಚೂಪು ಮೂಳೆ ಮೂಗಿನ ಮೇಲೆ ಹೋಗಿ ಕೂತಿತು. ತಪ್ಪು ಹೌದು, ಆದರೆ ತರ್ಕ ತಪ್ಪಿಲ್ಲ. ಹಲ್ಲು ಹೇಳಿಕೊಟ್ಟ ದಾರಿಯಲ್ಲೇ ನಡೆದು ಹಳ್ಳಕ್ಕೆ ಬಿದ್ದ.

1834ರಲ್ಲಿ ಮೇಡ್‌ಸ್ಟೋನ್ ಊರಿನ ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ಇಗ್ವಾನೊಡಾನ್ ಮೂಳೆಗಳು ಒಟ್ಟಾಗಿ ಇರುವ ಬಂಡೆ ಬಂತು. ಮಾಲೀಕ ಕೇಳಿದ್ದು 25 ಪೌಂಡ್. ಮ್ಯಾಂಟೆಲ್ ಬಳಿ ಅಷ್ಟಿರಲಿಲ್ಲ, ಸ್ನೇಹಿತರು ಸೇರಿ ಕೊಡಿಸಿದರು. ಮೇಡ್‌ಸ್ಟೋನ್ ಪಟ್ಟಣದ ಲಾಂಛನದಲ್ಲಿ ಇವತ್ತಿಗೂ ಇಗ್ವಾನೊಡಾನ್ ಇದೆ. ನಮ್ಮ ಗಂಡಭೇರುಂಡ ಕಲ್ಪನೆಯ ಪಕ್ಷಿ. ಅವರದ್ದು ಕ್ವಾರಿಯಿಂದ ಬಂದದ್ದು.

ಮ್ಯಾಂಟೆಲ್‌ನ ಉಳಿದ ಬದುಕು ಓದಿದರೆ ಹೊಟ್ಟೆ ಉರಿಯುತ್ತದೆ. ಬ್ರೈಟನ್ನಿಗೆ ಮನೆ ಬದಲಿಸಿದ. ಮನೆ ತುಂಬ ಮೂಳೆ, ಅದನ್ನು ನೋಡಲು ಬರುವವರ ನೂಕುನುಗ್ಗಲು. ಮನೆಯೇ ಮ್ಯೂಸಿಯಮ್ ಆಯಿತು. ಪಾಪ, ಟಿಕೆಟ್ ಕೇಳಲು ಸಂಕೋಚ, ಬಂದವರನ್ನು ಬಿಟ್ಟಿ ಒಳಗೆ ಬಿಡುತ್ತಿದ್ದ. ಮೂಳೆ ನೋಡಲು ಜನ ಬಂದರೇ ಹೊರತು ಕಾಯಿಲೆ ತೋರಿಸಲು ಬರಲಿಲ್ಲ. 1838ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ 4000 ಪೌಂಡಿಗೆ ಮಾರಿದ. ಮರುವರ್ಷ ಹೆಂಡತಿ ಬಿಟ್ಟು ಹೋದಳು. 1841ರಲ್ಲಿ ಗಾಡಿ ಅಪಘಾತದಲ್ಲಿ ಬೆನ್ನು ಮುರಿಯಿತು. ನೋವಿಗೆ ಅಫೀಮು. 1852ರಲ್ಲಿ ಅದರ ಪ್ರಮಾಣ ಹೆಚ್ಚಾಗಿಯೇ ಸತ್ತ. ಸತ್ತ ಮೇಲೆ ಅವನ ಡೊಂಕು ಬೆನ್ನುಮೂಳೆಯ ಒಂದು ಭಾಗವನ್ನು ತೆಗೆದು ಅದೇ ಶಸ್ತ್ರವೈದ್ಯರ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಇಗ್ವಾನಾದ ಹಲ್ಲು ಕಂಡು ಅವನು ಹಿಗ್ಗಿದ ಅದೇ ಜಾಗ.

ಆ ಮ್ಯೂಸಿಯಮ್ಮಿನ ಉಸ್ತುವಾರಿ ಆಗ ರಿಚರ್ಡ್ ಓವನ್ ಎಂಬವನದ್ದು. ಮ್ಯಾಂಟೆಲ್‌ಗೆ ಜೀವನವಿಡೀ ಕಾಟ ಕೊಟ್ಟ ವೈರಿ. ಆದರೆ ಡೈನೋಸಾರ್ ಎಂಬ ಪದ ಕೊಟ್ಟವನು ಅವನೇ, 1842ರಲ್ಲಿ. ಆಗ ಆ ಗುಂಪಿನಲ್ಲಿ ಮೂರೇ ಪ್ರಾಣಿ: ಮೆಗಲೊಸಾರಸ್, ಇಗ್ವಾನೊಡಾನ್, ಮತ್ತು ಮ್ಯಾಂಟೆಲ್‌ನದ್ದೇ ಇನ್ನೊಂದು, ಹೈಲಿಯೊಸಾರಸ್. ಮೂರರಲ್ಲೂ ಸೊಂಟದ ಹತ್ತಿರ ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡಿರುವುದನ್ನು ಓವನ್ ಗಮನಿಸಿದ. ಹಲ್ಲಿಯಂತೆ ಕಾಲು ಅಗಲಿಸಿ ತೆವಳುವ ಪ್ರಾಣಿಗೆ ಇಂಥ ಗಟ್ಟಿ ಸೊಂಟ ಬೇಡ. ಇದು ಆನೆಯಂತೆ ಕಾಲನ್ನು ನೇರ ಊರಿ ನಿಲ್ಲುವ ಪ್ರಾಣಿ ಅಂದ. ನೂರಡಿ ಉದ್ದವನ್ನು ಕತ್ತರಿಸಿ 28 ಅಡಿ ಮಾಡಿದ. ಉದ್ದ ಹೆಚ್ಚುಕಡಿಮೆ ಸರಿಯೇ. ಆದರೆ ಮೈಯನ್ನು ಘೇಂಡಾಮೃಗದ ಹಾಗೆ ದಪ್ಪ ಮಾಡಿಬಿಟ್ಟ. ಮುಂಗಾಲು ಅಷ್ಟು ದಪ್ಪ ಇರಲಿಲ್ಲ, ತೆಳ್ಳಗಿತ್ತು ಅಂತ ಮ್ಯಾಂಟೆಲ್ ಕೊನೆಗಾಲದಲ್ಲಿ ಹೇಳುತ್ತಿದ್ದ. ಆದರೆ ಬೊಂಬೆ ಮಾಡುವ ಹೊತ್ತಿಗೆ ಮ್ಯಾಂಟೆಲ್ ಬದುಕಿರಲಿಲ್ಲ. ಗೆದ್ದವನು ಓವನ್.

ಈಗ ನಿಮ್ಮ ಪಾರ್ಕಿಗೆ ಬಂದೆವು. 1851ರ ಮಹಾಪ್ರದರ್ಶನಕ್ಕೆ ಕಟ್ಟಿದ್ದ ಗಾಜಿನ ಅರಮನೆಯನ್ನು ಬಿಚ್ಚಿ ಸಿಡನ್‌ಹ್ಯಾಮ್ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಅದರ ತೋಟಕ್ಕೆ ಬೊಂಬೆ ಮಾಡುವ ಕೆಲಸ ಸಿಕ್ಕಿದ್ದು ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್‌ಗೆ, ಸಲಹೆಗೆ ಓವನ್. ಹಾಕಿನ್ಸ್ ಮೊದಲು ಜೇಡಿಮಣ್ಣಿನಲ್ಲಿ ಪೂರಾ ಗಾತ್ರದ ಪ್ರಾಣಿ ಮಾಡಿ, ಅದರಿಂದ ಅಚ್ಚು ತೆಗೆದು, ಆಮೇಲೆ ಗಟ್ಟಿ ಬೊಂಬೆ ಎಬ್ಬಿಸಿದ. ನಿಂತ ಇಗ್ವಾನೊಡಾನ್ ಒಂದಕ್ಕೇ ನಾಲ್ಕು ಕಬ್ಬಿಣದ ಕಂಬ, 600 ಇಟ್ಟಿಗೆ, 38 ಪೀಪಾಯಿ ಸಿಮೆಂಟ್ ಹಿಡಿಯಿತು. ಇದು ನಾಲ್ಕು ಕಾಲಿನ ಮೇಲೆ ಮನೆ ಕಟ್ಟಿದ ಹಾಗೇ ಅಂತ ಹಾಕಿನ್ಸನೇ ಹೇಳಿಕೊಂಡ.

1853ರ ಡಿಸೆಂಬರ್ 31ರ ರಾತ್ರಿ ಅವನೊಂದು ಊಟ ಹಾಕಿಸಿದ. ಎಲ್ಲಿ? ಇಗ್ವಾನೊಡಾನ್ ಅಚ್ಚಿನ ಹೊಟ್ಟೆಯೊಳಗೆ! ಏಣಿ ಹತ್ತಿ ಒಳಗಿಳಿಯಬೇಕು. ಇಪ್ಪತ್ತರ ಮೇಲೆ ಅತಿಥಿಗಳು, ಎಲ್ಲರೂ ಹೊಟ್ಟೆಯಲ್ಲಿ ಹಿಡಿಸದೆ ಕೆಲವರಿಗೆ ಪಕ್ಕದಲ್ಲಿ ಮೇಜು. ಪ್ರಾಣಿಯ ತಲೆಯ ಕಡೆ, ಮಿದುಳಿನ ಜಾಗದಲ್ಲಿ, ಓವನ್. ಮೊಲದ ಸೂಪ್, ಮೀನು, ಟರ್ಕಿ ಕೋಳಿ, ಪಾರಿವಾಳದ ಕಡುಬು, ವೈನ್. ನಡುರಾತ್ರಿ ದಾಟಿದ ಮೇಲೆ ಹಾಡು. ಒಂದು ವಾರದಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಆ ಊಟದ ಚಿತ್ರ ಬಂತು. ಜನಕ್ಕೆ ಹುಚ್ಚು ಹಿಡಿಸಿದ್ದು ಯಾರು ಅಂತ ಕೇಳಿದ್ದಿರಿ. ಒಬ್ಬನ ಹೆಸರು ಹೇಳಲೇಬೇಕೆಂದರೆ ನಾನು ಹಾಕಿನ್ಸ್‌ನ ಹೆಸರು ಹೇಳುತ್ತೇನೆ, ಓವನ್‌ನದ್ದಲ್ಲ.

ಯಾಕೆ ಅಂದರೆ, ಅಲ್ಲಿಯವರೆಗೆ ಡೈನೋಸಾರ್ ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಕಂದು ಕಲ್ಲಿನ ತುಂಡು. ಓದಿದವರಿಗೆ ಅರ್ಥವಾಗುತ್ತದೆ, ಉಳಿದವರಿಗೆ ಆಕಳಿಕೆ ಬರುತ್ತದೆ. 1854ರ ಜೂನ್‌ನಲ್ಲಿ ವಿಕ್ಟೋರಿಯಾ ರಾಣಿ ಬಂದು ಪ್ಯಾಲೆಸ್ ತೆರೆದ ಮೇಲೆ, ಒಂದು ಶಿಲ್ಲಿಂಗ್ ಕೊಟ್ಟ ಕಾರ್ಖಾನೆ ಕೆಲಸಗಾರನೂ ರೈಲು ಹತ್ತಿ ಬಂದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಆ ಪ್ರಾಣಿ ಎಷ್ಟು ದೊಡ್ಡದು ಅಂತ ತನ್ನ ಮೈಯಲ್ಲೇ ಅಳೆದುಕೊಳ್ಳಬಹುದಿತ್ತು. ಹಾಕಿನ್ಸ್ ಅವುಗಳ ಸಣ್ಣ ಮಾದರಿಗಳನ್ನೂ ಮಾರಾಟಕ್ಕಿಟ್ಟ. ನಿಮ್ಮ ಮೊಮ್ಮಗನ ಪ್ಲಾಸ್ಟಿಕ್ ಡೈನೋಸಾರ್‌ಗಳ ಮುತ್ತಜ್ಜ ಇವೇ. ಇನ್ನೊಂದು ತಮಾಷೆ: ಆ ಬೊಂಬೆಗಳ ಪಕ್ಕ ಮಾರುತ್ತಿದ್ದ ಕೈಪಿಡಿಯಲ್ಲಿ ಓವನ್ ತಾನೇ, ಈ ಮೂಗಿನ ಕೊಂಬು ಅನುಮಾನದ್ದು ಅಂತ ಬರೆದಿದ್ದ. ಸಿಮೆಂಟಿನಲ್ಲಿ ಎದ್ದು ನಿಂತ ಕೊಂಬನ್ನು ಕೈಪಿಡಿಯ ಒಂದು ಸಾಲು ಅಳಿಸುತ್ತದೆಯೇ? ಗಾಜಿನ ಅರಮನೆ 1936ರಲ್ಲಿ ಸುಟ್ಟು ಬೂದಿಯಾಯಿತು. ಕೊಂಬು ಹಾಗೇ ಇದೆ, ನೀವೇ ನೋಡಿದಿರಿ.

ಹೆಬ್ಬೆರಳು ತನ್ನ ಜಾಗಕ್ಕೆ ಬಂದದ್ದು 1878ರ ಮೇಲೆ. ಬೆಲ್ಜಿಯಮ್ಮಿನ ಬೆರ್ನಿಸಾರ್ ಎಂಬಲ್ಲಿ ಕಲ್ಲಿದ್ದಲು ಗಣಿ. 322 ಮೀಟರ್ ಆಳದಲ್ಲಿ ಸುರಂಗ ಕೊರೆಯುತ್ತಿದ್ದವರಿಗೆ ಬಂಗಾರ ತುಂಬಿದ ಮರದ ದಿಮ್ಮಿಯಂಥದ್ದು ಕಂಡಿತಂತೆ. ದಿಮ್ಮಿಯಲ್ಲ, ಮೂಳೆ. ಬಂಗಾರವಲ್ಲ, ಪೈರೈಟ್, ಕಬ್ಬಿಣ-ಗಂಧಕದ ಹೊಳೆಯುವ ಖನಿಜ. ಹೊರಗಿನ ಗಾಳಿ ತಗುಲಿದ ಕೂಡಲೇ ಮೂಳೆ ಉದುರತೊಡಗಿತು. ಅದಕ್ಕೆ ಗಣಿಯೊಳಗೇ ಪ್ಲಾಸ್ಟರ್ ಬಳಿದು, ಮುರಿದ ಕೈಗೆ ಕಟ್ಟು ಹಾಕುವಂತೆ ಕಟ್ಟಿ, ತುಂಡು ತುಂಡಾಗಿ ಮೇಲೆತ್ತಿದರು. ಇಂದಿಗೂ ಪಳೆಯುಳಿಕೆ ಎತ್ತುವವರು ಮಾಡುವುದು ಇದನ್ನೇ. ಸುಮಾರು ಮೂವತ್ತು ಇಗ್ವಾನೊಡಾನ್‌ಗಳು, ಕೆಲವು ತಲೆಯಿಂದ ಬಾಲದವರೆಗೆ ಪೂರ್ತಿ. ಒಂದೊಂದರ ಎರಡೂ ಕೈಯಲ್ಲಿ ಆ ಚೂಪು ಮೂಳೆ. ಮೂಗಿಗೊಂದು ಅಂತ ತಿಳಿದದ್ದು ಕೈಗೊಂದು ಇತ್ತು. ವಾದ ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂದೆ, ಆದರೆ ಬ್ರಸೆಲ್ಸ್‌ನಲ್ಲಿ ಲೂಯಿ ಡೊಲೊ ಎಂಬ ವಿಜ್ಞಾನಿ ಅವನ್ನು ಕಾಂಗರೂ ಹಾಗೆ ಬಾಲ ನೆಲಕ್ಕೂರಿ ನೆಟ್ಟಗೆ ನಿಲ್ಲಿಸಿದ. ಸೆಟೆದುಕೊಂಡಿದ್ದ ಬಾಲ ಹಾಗೆ ಬಾಗುವುದಿಲ್ಲ, ಬಲವಂತವಾಗಿ ಬಾಗಿಸಿದ್ದರು. ಬಾಲ ಹಿಂದಕ್ಕೆ ನೇರ ಚಾಚಿ, ಮೈ ಅಡ್ಡವಾಗಿ ಇರುತ್ತಿತ್ತು ಅಂತ ಬ್ರಿಟನ್ನಿನ ಡೇವಿಡ್ ನಾರ್ಮನ್ ತೋರಿಸಿದ್ದು 1980ರಲ್ಲಿ. ನೂರು ವರ್ಷ ಆ ತಪ್ಪೂ ನಡೆಯಿತು. ನಿಮ್ಮ ಮೊಮ್ಮಗನ ಪುಸ್ತಕದಲ್ಲಿರುವುದು 1980ರ ಮೇಲಿನ ಇಗ್ವಾನೊಡಾನ್.

ಅಮೆರಿಕದ ಕಥೆ ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. 1868ರಲ್ಲಿ ಫಿಲಡೆಲ್ಫಿಯಾದಲ್ಲಿ ಹ್ಯಾಡ್ರೊಸಾರಸ್‌ನ ಅಸ್ಥಿಪಂಜರವನ್ನು ಎದ್ದು ನಿಲ್ಲಿಸಿದರು. ಜಗತ್ತಿನಲ್ಲೇ ಹಾಗೆ ನಿಂತ ಮೊದಲ ಡೈನೋಸಾರ್. ನಿಲ್ಲಿಸಿದವನು ಅದೇ ಹಾಕಿನ್ಸ್. ಜನ ನುಗ್ಗಿದ್ದು ನೋಡಿ ಮ್ಯೂಸಿಯಮ್‌ನವರು ಕೊನೆಗೆ ಟಿಕೆಟ್ ಇಟ್ಟರು. ಆಮೇಲೆ ಯೇಲ್‌ನ ಮಾರ್ಷ್, ಫಿಲಡೆಲ್ಫಿಯಾದ ಕೋಪ್, ಮೂಳೆ ಹುಡುಕುವ ಈ ಇಬ್ಬರು ವಿಜ್ಞಾನಿಗಳ ಜಗಳ. ಕೋಪ್ ಒಮ್ಮೆ ಕಡಲ ಸರೀಸೃಪವೊಂದರ ತಲೆಯನ್ನು ಬಾಲದ ತುದಿಗೆ ಜೋಡಿಸಿ ಅಚ್ಚು ಹಾಕಿಸಿದ್ದ. ತಪ್ಪು ಗೊತ್ತಾದಾಗ ಆ ಪ್ರತಿಗಳನ್ನೆಲ್ಲ ವಾಪಸು ಕೊಂಡುಕೊಳ್ಳಲು ಓಡಾಡಿದ. 1877ರಿಂದ ಕೊಲೊರಾಡೊ, ವಯೋಮಿಂಗ್ ಗುಡ್ಡಗಳಲ್ಲಿ ಇಬ್ಬರ ಆಳುಗಳೂ ಪೈಪೋಟಿಯ ಮೇಲೆ ಅಗೆದರು. ಒಬ್ಬರಿಗೊಬ್ಬರು ಗೂಢಚಾರರನ್ನು ಬಿಟ್ಟರು. ಸ್ಟೆಗೊಸಾರಸ್, ಅಲ್ಲೊಸಾರಸ್, ಡಿಪ್ಲೊಡೊಕಸ್, ಟ್ರೈಸೆರಾಟಾಪ್ಸ್ ಎಲ್ಲಾ ಮಾರ್ಷ್ ಇಟ್ಟ ಹೆಸರು. 1890ರಲ್ಲಿ ಜಗಳ ದಿನಪತ್ರಿಕೆಯ ಮುಖಪುಟಕ್ಕೇ ಬಂತು. ಇಬ್ಬರೂ ಹಣ ಕಳೆದುಕೊಂಡು ಸತ್ತರು. ಮಕ್ಕಳು ಬಾಯಿಪಾಠ ಹೇಳುವ ಹೆಸರುಗಳು ಮಾತ್ರ ಉಳಿದವು.

ಆಮೇಲೆ ಸಾಹುಕಾರರ ಸರದಿ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ದುಡ್ಡು ಕೊಟ್ಟು ವಯೋಮಿಂಗಿನಲ್ಲಿ ಡಿಪ್ಲೊಡೊಕಸ್ ಅಗೆಸಿದ. ಅದರ ಚಿತ್ರ ನೋಡಿ ಬ್ರಿಟನ್ನಿನ ರಾಜ ಏಳನೇ ಎಡ್ವರ್ಡ್ ನಮಗೂ ಒಂದು ಬೇಕು ಅಂದ. ಮೂಳೆಗೆ ಮೂಳೆ ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, 26 ಮೀಟರ್ ಉದ್ದದ ನಕಲನ್ನು 1905ರ ಮೇ 12ರಂದು ಲಂಡನ್ನಿನಲ್ಲಿ ನಿಲ್ಲಿಸಿದರು. ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಅರ್ಜೆಂಟೀನಾದ ಲಾ ಪ್ಲಾಟಾ ಎಲ್ಲ ಕಡೆಗೂ ಒಂದೊಂದು ಹೋಯಿತು. ಅದೇ 1905ರಲ್ಲಿ ಟೈರಾನೊಸಾರಸ್ ರೆಕ್ಸ್‌ಗೂ ಹೆಸರು ಬಂತು. ಅಲ್ಲಿಂದ ಹುಚ್ಚು ಹರಡಲು ಯಾರ ಸಹಾಯವೂ ಬೇಕಾಗಲಿಲ್ಲ.

ಈಗ ನಮ್ಮ ಕಡೆ. ಭಾರತದಲ್ಲಿ ಡೈನೋಸಾರ್ ಮೂಳೆ ಸಿಕ್ಕಿದ್ದು ತಡವಾಗಿ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. 1828ರಲ್ಲೇ ಜಬಲ್ಪುರದಲ್ಲಿ ಕ್ಯಾಪ್ಟನ್ ಸ್ಲೀಮನ್‌ಗೆ ಸಿಕ್ಕಿತ್ತು. ಹೌದು, ದಾರಿಗಳ್ಳ ಥಗ್ಗರನ್ನು ಹಿಡಿದ ಅದೇ ಸ್ಲೀಮನ್. ಡೈನೋಸಾರ್ ಎಂಬ ಪದ ಹುಟ್ಟಲು ಇನ್ನೂ 14 ವರ್ಷ ಇತ್ತು. ಆ ಬೆನ್ನುಮೂಳೆಯ ಮಣಿಗಳು ಕೈಯಿಂದ ಕೈಗೆ ದಾಟಿ ಕಲ್ಕತ್ತೆಗೆ ಹೋದವು. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಆ ಪ್ರಾಣಿಗೆ ಟೈಟಾನೊಸಾರಸ್ ಇಂಡಿಕಸ್ ಅಂತ ಹೆಸರಿಟ್ಟ. ಆಮೇಲೆ ಮೂಳೆ ಎಲ್ಲೋ ಕಳೆದುಹೋಯಿತು. 2012ರಲ್ಲಿ ಧನಂಜಯ್ ಮೊಹಬೆ ಮತ್ತು ಸಂಗಡಿಗರು ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲೇ ಒಂದು ಮಣಿಯನ್ನು ಪತ್ತೆ ಮಾಡಿದರು. ಎರಡು ಸಲ ಸಿಕ್ಕ ಮೂಳೆ ಅದು.

ಕರ್ನಾಟಕಕ್ಕೆ ಬಂದರೆ, ನಮ್ಮ ನೆಲದ ವಯಸ್ಸೇ ಹೊಂದುವುದಿಲ್ಲ. ಡೈನೋಸಾರ್‌ಗಳು ಬದುಕಿದ್ದದ್ದು ಸುಮಾರು 23 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ. ಪಳೆಯುಳಿಕೆ ಉಳಿಯಲು ಆ ಕಾಲದ ಹೂಳು, ಮರಳು ಗಟ್ಟಿಯಾದ ಪದರ ಬೇಕು. ನಮ್ಮದು ಬಹುಪಾಲು ಅದಕ್ಕಿಂತ ಎಷ್ಟೋ ಹಳೆಯ ಕಲ್ಲು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಅದು ರೂಪುಗೊಂಡಾಗ ಮೂಳೆ ಎಂಬ ವಸ್ತುವೇ ಭೂಮಿಯ ಮೇಲಿರಲಿಲ್ಲ. ಬಾಗಲಕೋಟೆ, ಕಲಬುರಗಿ ಕಡೆ ಪದರಗಲ್ಲು ಇದೆ, ಅದೂ ಪ್ರಾಣಿಗಳಿಗೆ ಮೂಳೆ ಬರುವ ಮುಂಚಿನದು. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಕಲ್ಲು ಡೈನೋಸಾರ್‌ಗಳು ಅಳಿದ ಹೊತ್ತಿನದೇ, ಆದರೆ ಅದು ಹರಿದು ಹೆಪ್ಪುಗಟ್ಟಿದ ಲಾವಾ. ಕುದಿಯುವ ಲಾವಾದಲ್ಲಿ ಮೂಳೆ ಹುಡುಕುವುದು ಹೇಗೆ? ನರ್ಮದಾ ಕಣಿವೆಯಲ್ಲಿ ಲಾವಾದ ಕೆಳಗೆ ಸರಿಯಾದ ವಯಸ್ಸಿನ ಪದರ ಇದೆ, ಜಬಲ್ಪುರದ ಮೂಳೆ, ಗುಜರಾತಿನ ರೈಯೋಲಿಯ ಮೊಟ್ಟೆಗಳು ಬಂದದ್ದು ಅಲ್ಲಿಂದ.

ನಮ್ಮ ದಕ್ಷಿಣದ ಕಡೆ ಸಿಕ್ಕ ಒಂದು ದೊಡ್ಡ ಪ್ರಾಣಿ ಅಂದರೆ ಗೋದಾವರಿ ಕಣಿವೆಯದ್ದು. 1960ರ ಆಸುಪಾಸಿನಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಅಗೆದು ತೆಗೆದದ್ದು. ಆಗ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ. ಬಂಗಾಳಿಯಲ್ಲಿ 'ಬೊಡೊ ಪಾ' ಅಂದರೆ ದೊಡ್ಡ ಕಾಲು. ಹೆಸರು ಬರಾಪಾಸಾರಸ್ ಟಾಗೋರೈ. ಕೋಲ್ಕತ್ತದ ಆ ಸಂಸ್ಥೆಯಲ್ಲೇ ಅಸ್ಥಿಪಂಜರ ನಿಂತಿದೆ. ತೊಡೆ ಮೂಳೆ ಒಂದೇ ಆಳೆತ್ತರ. ಮೊಮ್ಮಗ ರಜೆಗೆ ಬಂದರೆ ಒಂದು ರೈಲು ಪ್ರಯಾಣಕ್ಕೆ ಸಾಕಾಗುವ ಕಾರಣ.

ಅಷ್ಟು ದೂರ ಆಗದಿದ್ದರೆ ಇನ್ನೊಂದು ದಾರಿ ಇದೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಗಂಡಕಿ ನದಿಯಿಂದ ಬಂದ ಶಾಲಿಗ್ರಾಮ ಇರಬಹುದು. ಒಳಗೆ ಚಕ್ರ ಕಾಣುವ ಕಪ್ಪು ಕಲ್ಲು. ಆ ಚಕ್ರ ಅಮೊನೈಟ್, ಲೈಮ್ ರೀಜಿಸ್‌ನಲ್ಲಿ ಮೇರಿ ಮಾರುತ್ತಿದ್ದ ಹಾವುಕಲ್ಲಿನ ಬಳಗ, ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದ ಕಡಲ ಪ್ರಾಣಿ. ಹಿಮಾಲಯ ಏಳುವ ಮೊದಲು ಅಲ್ಲೊಂದು ಸಮುದ್ರ ಇತ್ತು. ಮೊಮ್ಮಗನಿಗೆ ಸ್ನಾನ ಮಾಡಿಸಿ, ಒಂದು ಲೆನ್ಸ್ ಕೊಟ್ಟು, ಆ ಸುರುಳಿಯ ಗೆರೆಗಳನ್ನು ಎಣಿಸಲು ಹೇಳಿ. ಅಜ್ಜಿಯ ಅಪ್ಪಣೆ ಮಾತ್ರ ಮೊದಲೇ ತಗೊಂಡಿರಿ.